ಬರೆದವರು ಊರು ಬಿಟ್ಟರೂ ಸಾಫ್ಟ್‌ವೇರ್ ನಡೆಯಬೇಕಾದರೆ: ಫ್ರೇಮ್‌ವರ್ಕ್ ಹಿಡಿದು ಕೆಲಸ ಶುರು ಮಾಡುವ ಬಗೆ

ನಾನು ಕಲಬುರಗಿಯ ನೆಹರು ಗಂಜ್ ಎಂಬ ಧಾನ್ಯ ಮಾರುಕಟ್ಟೆಯ ಅಡತ್ ಅಂಗಡಿಗಳಿಗೆ (ರೈತರ ಮಾಲನ್ನು ಖರೀದಿದಾರರಿಗೆ ಮಾರಿಸಿಕೊಡುವ ಅಂಗಡಿಗಳಿಗೆ), ಇಲ್ಲಿನ ದಾಲ್ ಮಿಲ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಸಂಜೆ ಹೊತ್ತು ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಅದೇ ಕೆಲಸ ಕಲಿಸುತ್ತೇನೆ. ಹೊಸಬರು ಬಂದಾಗಲೆಲ್ಲ ಈ ಮಾತು ಬರುತ್ತದೆ: “ಮೇಡಂ, ಪೈಥಾನ್ ಬರ್ತದ, ಡೇಟಾಬೇಸ್ ಬರ್ತದ. ಮತ್ತ ಈ ಫ್ರೇಮ್‌ವರ್ಕ್ ಯಾಕ್ರಿ?”

ಫ್ರೇಮ್‌ವರ್ಕ್ ಅಂದರೆ ಸಾಫ್ಟ್‌ವೇರ್ ಕಟ್ಟಲು ಬೇರೆಯವರು ಮೊದಲೇ ಸಿದ್ಧ ಮಾಡಿಟ್ಟ ಹಂದರ. ಕೆಲಸ ಬೇಗ ಆಗುತ್ತದೆ ಅನ್ನುವುದು ಎಲ್ಲರೂ ಕೊಡುವ ಉತ್ತರ. ಅದು ನಿಜವೇ. ಆದರೆ ನಮ್ಮ ಊರಿಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಇಲ್ಲಿ ಚೆನ್ನಾಗಿ ಕೋಡ್ ಬರೆಯುವವರು ಒಂದೆರಡು ವರ್ಷದಲ್ಲಿ ಹೈದರಾಬಾದ್, ಪುಣೆ, ಬೆಂಗಳೂರು ಅಂತ ಹೊರಡುತ್ತಾರೆ. ಹೋಗಲಿ, ಅದು ಅವರ ಬದುಕು. ಅಂಗಡಿ ಮಾತ್ರ ಇಲ್ಲೇ ಇರುತ್ತದೆ. ಅವರು ಬರೆದ ಸಾಫ್ಟ್‌ವೇರ್ ಕೂಡ ಇಲ್ಲೇ ಇರುತ್ತದೆ. ಮುಂದೆ ಅದನ್ನು ಯಾರು ನೋಡಿಕೊಳ್ಳಬೇಕು?

ಗಂಜ್‌ನ ಒಂದು ಅಂಗಡಿಯಲ್ಲಿ ಇಂಥ ಸಾಫ್ಟ್‌ವೇರ್ ನೋಡಿದ್ದೇನೆ. ಬರೆದ ಹುಡುಗ ಜಾಣನೇ. ಆದರೆ ಫೈಲ್‌ಗಳಿಗೆ ತನಗೆ ತೋಚಿದ ಹೆಸರು ಇಟ್ಟಿದ್ದ. ಹಮಾಲಿ ದರವನ್ನು, ಅಂದರೆ ಚೀಲ ಹೊರುವವರ ಕೂಲಿಯನ್ನು, ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಚೀಟಿ) ಪ್ರಿಂಟ್ ಮಾಡುವ ಕಡೆ ಒಮ್ಮೆ, ದಿನದ ಲೆಕ್ಕದಲ್ಲಿ ಒಮ್ಮೆ, ತಿಂಗಳ ವರದಿಯಲ್ಲಿ ಇನ್ನೊಮ್ಮೆ ಬರೆದಿದ್ದ. ಕೆಲಸ ಸಿಕ್ಕಿತು, ಹೋದ. ಆಮೇಲೆ ಹಮಾಲಿ ದರ ಏರಿತು. ಸಾವ್ಕಾರ್ರು ಬೇರೆಯವರನ್ನು ಕರೆಸಿದರು. ಬಂದವರು ಎರಡು ಕಡೆ ತಿದ್ದಿದರು, ಮೂರನೆಯದು ಕಣ್ಣಿಗೆ ಬೀಳಲಿಲ್ಲ. ಪಟ್ಟಿಗೂ ತಿಂಗಳ ವರದಿಗೂ ತಾಳೆಯಾಗಲಿಲ್ಲ. ಕೊನೆಗೆ ಅಂಗಡಿ ಮತ್ತೆ ಖಾತೆ ಪುಸ್ತಕಕ್ಕೇ ಮರಳಿತು. ಅಷ್ಟು ಒಳ್ಳೆಯ ಕೆಲಸ ಹಾಗೆ ಮೂಲೆ ಸೇರಿದ್ದು ನನಗೆ ಇಂದಿಗೂ ಬೇಸರ.

ಆದ್ದರಿಂದ ಒಂದು ಅಡತ್ ಅಂಗಡಿಯ ಪಟ್ಟಿ ಲೆಕ್ಕವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜ್ಯಾಂಗೊ ಎಂಬ ಫ್ರೇಮ್‌ವರ್ಕ್‌ನಲ್ಲಿ ಕಟ್ಟುವುದು ಹೇಗೆ ಅಂತ ಹೇಳುತ್ತೇನೆ. ಎಲ್ಲಿ ಯಾವ ಲಾಭ ಕೈಗೆ ಬರುತ್ತದೆ ಅನ್ನುವುದೂ ದಾರಿಯಲ್ಲೇ ಕಾಣುತ್ತದೆ.

ಮೊದಲು, ಫ್ರೇಮ್‌ವರ್ಕ್ ಅಂದರೇನು

ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಸಂಗ್ರಹ. ಅದನ್ನು ನಿಮ್ಮ ಕೋಡ್ ಕರೆಯುತ್ತದೆ. ಬೇಕಾದಾಗ ಕರೆದು, ಕೆಲಸ ಮಾಡಿಸಿಕೊಂಡು, ಮುಂದೆ ಹೋಗುತ್ತೀರಿ. ಫ್ರೇಮ್‌ವರ್ಕ್‌ನಲ್ಲಿ ಇದು ಉಲ್ಟಾ. ನಿಮ್ಮ ಕೋಡನ್ನು ಅದೇ ಕರೆಯುತ್ತದೆ. ಬ್ರೌಸರ್‌ನಿಂದ ಬೇಡಿಕೆ ಬಂದಾಗ ಅದನ್ನು ಹಿಡಿಯುವುದು, ಲಾಗಿನ್ ಆಗಿದೆಯೇ ನೋಡುವುದು, ಯಾವ ಫಂಕ್ಷನ್‌ಗೆ ಕಳಿಸಬೇಕು ಅಂತ ತೀರ್ಮಾನಿಸುವುದು, ಉತ್ತರ ವಾಪಸ್ ಕೊಡುವುದು ಎಲ್ಲ ಅದರ ಕೆಲಸ. ನಡುವೆ ನಿಮ್ಮ ಅಂಗಡಿಗೆ ಸಂಬಂಧಪಟ್ಟ ಮಾತು ಮಾತ್ರ ನೀವು ಬರೆಯುತ್ತೀರಿ. ಹೊಸ ದಾಲ್ ಮಿಲ್ ಹಾಕುವವರು ಮೋಟರನ್ನು ತಾವೇ ಕೂತು ಸುತ್ತುವುದಿಲ್ಲ, ಅಲ್ವಾ? ಅವರ ತಲೆ ಇರುವುದು ತೊಗರಿ ಖರೀದಿಯಲ್ಲಿ, ಬೇಳೆ ಎಷ್ಟು ಬಂತು ಅನ್ನುವುದರಲ್ಲಿ. ಇದೂ ಹಾಗೇ.

ಜ್ಯಾಂಗೊ ಹುಟ್ಟಿದ ಕಥೆ ನನಗೆ ಇಷ್ಟ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಲಾರೆನ್ಸ್ ಅಂತ ಒಂದು ಊರು. ಅಲ್ಲಿನ ಸ್ಥಳೀಯ ಪತ್ರಿಕೆಯ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲ್ಲಿಸನ್ ಎಂಬ ಇಬ್ಬರು ಕೆಲಸ ಮಾಡುತ್ತಿದ್ದರು. ಸುದ್ದಿಮನೆಯಲ್ಲಿ ಬೆಳಿಗ್ಗೆ ಕೇಳಿದ್ದು ಸಂಜೆಗೆ ಬೇಕು. ಪ್ರತಿ ಸಲ ಬರೆಯಬೇಕಾದ ಅದೇ ಅದೇ ಭಾಗಗಳನ್ನು ಅವರು ಬೇರೆ ತೆಗೆದು ಇಟ್ಟುಕೊಂಡರು. ಅದೇ 2005ರ ಜುಲೈನಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ರೂಬಿ ಆನ್ ರೈಲ್ಸ್ ಎಂಬ ಇನ್ನೊಂದು ಫ್ರೇಮ್‌ವರ್ಕ್ ಕೂಡ ಹೀಗೇ. 2004ರಲ್ಲಿ ಬೇಸ್‌ಕ್ಯಾಂಪ್ ಎಂಬ ನಡೆಯುತ್ತಿದ್ದ ಸಾಫ್ಟ್‌ವೇರ್‌ನಿಂದ ಬಿಡಿಸಿಕೊಂಡು ಬಂದದ್ದು. ಇವು ಕೆಲಸದ ಒತ್ತಡದಲ್ಲಿ ಹುಟ್ಟಿದವು. ಸಣ್ಣ ಊರಿನ ಪತ್ರಿಕೆಗೆ ಒದಗಿದ್ದು ನಮ್ಮ ಗಂಜ್‌ಗೂ ಒದಗುತ್ತದೆ.

ಕಂಪ್ಯೂಟರ್ ಮುಟ್ಟುವ ಮುಂಚೆ ಪಟ್ಟಿ ಓದಿ

ಅಂಗಡಿಗೆ ಹೋಗಿ. ಗುಮಾಸ್ತರ ಪಕ್ಕ ಕೂತುಕೊಳ್ಳಿ. ರೈತರಿಗೆ ಕೊಡುವ ಪಟ್ಟಿಯ ಹಳೆಯ ಪ್ರತಿಗಳನ್ನು ಕೇಳಿ ನೋಡಿ. ರೈತರ ಹೆಸರು, ಊರು, ಮಾಲು, ಎಷ್ಟು ಚೀಲ, ತೂಕ, ಕ್ವಿಂಟಲ್‌ಗೆ ದರ, ಹಮಾಲಿ, ತೂಕದ ಖರ್ಚು, ಕೊನೆಗೆ ಕೈಗೆ ಕೊಡುವ ಹಣ. ಇನ್ನೊಂದು ಕಡೆ ಖರೀದಿದಾರರ ಲೆಕ್ಕ. ಒಂದೊಂದು ಕಾಲಂ ಎಲ್ಲಿಂದ ಬಂತು, ಯಾರು ತುಂಬುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ಈ ಕೆಲಸವನ್ನು ಯಾವ ಫ್ರೇಮ್‌ವರ್ಕ್ ಕೂಡ ಮಾಡಿಕೊಡುವುದಿಲ್ಲ. ಬೇರೆ ಕೆಲಸವನ್ನೆಲ್ಲ ಅದು ವಹಿಸಿಕೊಳ್ಳುವುದರಿಂದಲೇ ಇದಕ್ಕೆ ನಿಮಗೆ ಸಮಯ ಸಿಗುತ್ತದೆ.

ಶುರು ಮಾಡುವುದು

ಪೈಥಾನ್ ಹಾಕಿಕೊಳ್ಳಿ. ಜ್ಯಾಂಗೊದಲ್ಲಿ ದೀರ್ಘ ಕಾಲದ ಬೆಂಬಲ ಇರುವ ಆವೃತ್ತಿಯನ್ನೇ ಆರಿಸಿ. 5.2 ಅಂಥದ್ದು. 2025ರ ಏಪ್ರಿಲ್‌ನಲ್ಲಿ ಬಂತು, 2028ರ ಏಪ್ರಿಲ್‌ವರೆಗೆ ಸುರಕ್ಷತೆಯ ತಿದ್ದುಪಡಿಗಳು ಸಿಗುತ್ತವೆ. ಅದಕ್ಕೆ ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು ಬೇಕು. ಅಂಗಡಿಯವರು ಪದೇ ಪದೇ ಬದಲಾವಣೆ ಸಹಿಸುವುದಿಲ್ಲ, ಹಾಗಾಗಿ ಈ ಆಯ್ಕೆ.

ಮೊದಲು ಒಂದು ಫೋಲ್ಡರ್ ಮಾಡಿ, ಅದರೊಳಗೆ ಪ್ರತ್ಯೇಕ ಪೈಥಾನ್ ವಾತಾವರಣ ಮಾಡಿಕೊಳ್ಳಿ. ವರ್ಚುವಲ್ ಎನ್ವಿರಾನ್‌ಮೆಂಟ್ ಅನ್ನುತ್ತಾರಲ್ಲ, ಅದು. ಅದರೊಳಗೆ ಪಿಪ್ (ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಸಾಧನ) ಮೂಲಕ ಜ್ಯಾಂಗೊ ಹಾಕಿ. ಆಮೇಲೆ ‘ಸ್ಟಾರ್ಟ್‌ಪ್ರಾಜೆಕ್ಟ್’ ಆದೇಶ ಕೊಟ್ಟರೆ ಇಡೀ ಸಾಫ್ಟ್‌ವೇರ್‌ನ ಹಂದರ ಸಿಗುತ್ತದೆ. ‘ಸ್ಟಾರ್ಟ್‌ಆ್ಯಪ್’ ಕೊಟ್ಟರೆ ಒಂದು ಭಾಗ ಸಿಗುತ್ತದೆ. ಅದಕ್ಕೆ ‘ಪಟ್ಟಿ’ ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ. ಸೆಟ್ಟಿಂಗ್ಸ್ ಫೈಲ್‌ನ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಯಾದಿಯಲ್ಲಿ ಅದನ್ನು ಸೇರಿಸಿ.

ಈಗ ಫೋಲ್ಡರ್ ತೆರೆದು ನೋಡಿ. ಮಾಡೆಲ್ಸ್, ವ್ಯೂಸ್, ಅಡ್ಮಿನ್, ಟೆಸ್ಟ್ಸ್, ಸೆಟ್ಟಿಂಗ್ಸ್, ಯುಆರ್‌ಎಲ್ಸ್ ಅಂತ ಫೈಲ್‌ಗಳು. ಈ ಹೆಸರುಗಳನ್ನು ನೀವು ಇಟ್ಟಿಲ್ಲ. ಹೈದರಾಬಾದಿನಲ್ಲಿ ಜ್ಯಾಂಗೊ ಬರೆಯುವವರಿಗೂ ಇವೇ ಫೈಲ್‌ಗಳು, ಕ್ಯಾನ್ಸಸ್‌ನವರಿಗೂ ಇವೇ. ನಾಳೆ ನಿಮ್ಮ ಜಾಗಕ್ಕೆ ಬರುವವರು ಡೇಟಾದ ಆಕಾರ ತಿಳಿಯಬೇಕಾದರೆ ಮಾಡೆಲ್ಸ್ ಫೈಲ್ ತೆರೆಯುತ್ತಾರೆ. ಯಾರನ್ನೂ ಕೇಳಬೇಕಾಗಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಕೂಡಲೇ ಎರಡು ಕಡೆ ಬದಲಿಸಿ. ಭಾಷೆ ‘ಕೆಎನ್’ ಅಂತ ಕೊಟ್ಟರೆ ಜ್ಯಾಂಗೊದ ಜೊತೆಗೇ ಬರುವ ಕನ್ನಡ ಅನುವಾದ ಕಾಣಿಸುತ್ತದೆ. ಕೆಲವು ಪದ ಇಂಗ್ಲಿಷಿನಲ್ಲೇ ಉಳಿಯುತ್ತವೆ, ಪರವಾಗಿಲ್ಲ. ಇನ್ನೊಂದು, ಟೈಮ್ ಝೋನ್. ಮೊದಲಿಗೆ ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಅಂತ ಇರುತ್ತದೆ. ಅದನ್ನು ಏಷ್ಯಾ/ಕೋಲ್ಕತ್ತಾ ಮಾಡಿ. ಯುಟಿಸಿಗಿಂತ ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ 4 ಗಂಟೆಗೆ ಲಾರಿ ಲೋಡ್ ಆಗಿ ಹೊರಟಿತು ಅನ್ನಿ. ಯುಟಿಸಿ ಹಾಗೇ ಬಿಟ್ಟರೆ ಆ ಎಂಟ್ರಿ ಹಿಂದಿನ ದಿನದ ತಾರೀಕಿಗೆ ಹೋಗುತ್ತದೆ. ಸಂಜೆ ಲೆಕ್ಕ ಮುಗಿಸುವ ಗುಮಾಸ್ತರಿಗೆ ತಲೆ ಕೆಡುತ್ತದೆ.

ಮಾಡೆಲ್‌ಗಳು: ಇಲ್ಲಿ ಸ್ವಲ್ಪ ನಿಧಾನ ಮಾಡಿ

ಮಾಡೆಲ್ ಅಂದರೆ ಡೇಟಾಬೇಸ್ ಟೇಬಲ್ ಹೇಗಿರಬೇಕು ಅಂತ ಪೈಥಾನ್‌ನಲ್ಲಿ ಹೇಳುವುದು. ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ನೀವು ಬರೆಯುವುದಿಲ್ಲ, ಜ್ಯಾಂಗೊ ಬರೆಯುತ್ತದೆ. ನಮ್ಮ ಅಂಗಡಿಗೆ ಊರು, ರೈತ, ಖರೀದಿದಾರ, ಮಾಲು, ಪಟ್ಟಿ, ಪಟ್ಟಿಯ ಸಾಲು, ದರ ಇಷ್ಟು ಮಾಡೆಲ್ ಸಾಕು.

ಊರನ್ನು ಸುಮ್ನೆ ಒಂದು ಅಕ್ಷರದ ಕಾಲಂ ಮಾಡಬೇಡಿ. ಒಬ್ಬರು ಜೇವರ್ಗಿ ಅಂತ, ಇನ್ನೊಬ್ಬರು ಜೇವರಗಿ ಅಂತ ಟೈಪ್ ಮಾಡುತ್ತಾರೆ. ಅಫಜಲಪುರ, ಅಫ್ಜಲ್‌ಪುರ ಎರಡೂ ಬರುತ್ತವೆ. ವರದಿಯಲ್ಲಿ ಒಂದೇ ಊರು ಎರಡು ಊರಾಗುತ್ತದೆ. ಊರಿಗೆ ಬೇರೆ ಮಾಡೆಲ್ ಮಾಡಿ, ರೈತರ ಮಾಡೆಲ್‌ನಿಂದ ಅದಕ್ಕೆ ಫಾರಿನ್ ಕೀ, ಅಂದರೆ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಕೊಂಡಿ, ಕೊಡಿ. ಆಗ ಗುಮಾಸ್ತರಿಗೆ ಟೈಪ್ ಮಾಡುವ ಬದಲು ಆರಿಸುವ ಯಾದಿ ಬರುತ್ತದೆ. ಆ ಯಾದಿಯನ್ನೂ ಜ್ಯಾಂಗೊ ತಾನೇ ಮಾಡಿಕೊಡುತ್ತದೆ.

ಹಣಕ್ಕೂ ತೂಕಕ್ಕೂ ‘ಡೆಸಿಮಲ್‌ಫೀಲ್ಡ್’ ಬಳಸಿ. ‘ಫ್ಲೋಟ್‌ಫೀಲ್ಡ್’ ಬೇಡವೇ ಬೇಡ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಅಂತ ಬರುತ್ತದೆ. ಕಂಪ್ಯೂಟರ್ ಫ್ಲೋಟ್ ಸಂಖ್ಯೆಯನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಒಂದು ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಸುಗ್ಗಿ ಮುಗಿಯುವಷ್ಟರಲ್ಲಿ ಸಾವಿರಾರು ಪಟ್ಟಿ ಕೂಡಿದಾಗ ಪೈಸೆ ಹೆಚ್ಚುಕಡಿಮೆ ಕಾಣಿಸಬಹುದು. ಪೈಸೆ ತಾಳೆಯಾಗದಿದ್ದರೆ ಸಾವ್ಕಾರ್ರು ಇಡೀ ಸಾಫ್ಟ್‌ವೇರನ್ನೇ ನಂಬುವುದಿಲ್ಲ. ನಂಬದಿರುವುದು ಸರಿಯೇ.

ಫಾರಿನ್ ಕೀ ಕೊಡುವಾಗ ಜ್ಯಾಂಗೊ ನಿಮ್ಮನ್ನು ಒಂದು ಪ್ರಶ್ನೆ ಕೇಳಿಯೇ ತೀರುತ್ತದೆ: ಈ ರೈತರ ದಾಖಲೆ ಅಳಿಸಿದರೆ ಅವರ ಪಟ್ಟಿಗಳನ್ನು ಏನು ಮಾಡಲಿ? ‘ಆನ್ ಡಿಲೀಟ್’ ಅಂತ ಅದರ ಹೆಸರು. ಉತ್ತರ ಕೊಡದೆ ಮುಂದೆ ಹೋಗಲು ಬಿಡುವುದಿಲ್ಲ. ‘ಕ್ಯಾಸ್ಕೇಡ್’ ಅಂದರೆ ಪಟ್ಟಿಗಳೂ ಹೋಗುತ್ತವೆ. ‘ಪ್ರೊಟೆಕ್ಟ್’ ಅಂದರೆ ಪಟ್ಟಿ ಇರುವವರೆಗೆ ರೈತರ ದಾಖಲೆ ಅಳಿಸಲು ಬಿಡುವುದಿಲ್ಲ. ಹಣದ ಲೆಕ್ಕದಲ್ಲಿ ಯಾವಾಗಲೂ ‘ಪ್ರೊಟೆಕ್ಟ್’. ನನಗೆ ಫ್ರೇಮ್‌ವರ್ಕ್ ಮೇಲೆ ಗೌರವ ಬಂದದ್ದು ಇಂಥ ಕಡೆ. ಹೊಸಬರಿಗೆ ಹೊಳೆಯದ ಪ್ರಶ್ನೆಯನ್ನು ಅದು ಮೊದಲೇ ಕೇಳುತ್ತದೆ.

ಹಮಾಲಿ ದರದ ವಿಷಯ ಮಾತ್ರ ನಿಮ್ಮ ಜವಾಬ್ದಾರಿ. ಜ್ಯಾಂಗೊದಲ್ಲೂ ದರವನ್ನು ಮೂರು ಕಡೆ ಬರೆದು ಕೆಡಿಸಬಹುದು. ಅದಕ್ಕೆ ‘ದರ’ ಅಂತ ಒಂದು ಮಾಡೆಲ್ ಮಾಡಿ. ಯಾವ ಖರ್ಚು, ಎಷ್ಟು, ಯಾವ ತಾರೀಕಿನಿಂದ ಅಂತ ಮೂರು ಕಾಲಂ ಇರಲಿ. ಪಟ್ಟಿ ಮಾಡುವಾಗ ಆ ದಿನದ ದರ ಹುಡುಕಿ, ಆ ಮೊತ್ತವನ್ನು ಪಟ್ಟಿಯಲ್ಲೇ ಉಳಿಸಿ. ನಾಳೆ ದರ ಏರಿದರೂ ಹಳೆಯ ಪಟ್ಟಿ ಹಳೆಯ ದರದಲ್ಲೇ ಇರಬೇಕು.

ಪ್ರತಿ ಕಾಲಂಗೆ ‘ವರ್ಬೋಸ್ ನೇಮ್’ ಅಂತ ಕನ್ನಡದ ಹೆಸರು ಕೊಡಿ. ಕೋಡ್‌ನಲ್ಲಿ ಇಂಗ್ಲಿಷ್ ಹೆಸರೇ ಇರಲಿ, ಪರದೆ ಮೇಲೆ ‘ಚೀಲ’, ‘ತೂಕ’, ‘ಹಮಾಲಿ’ ಅಂತ ಬರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಹೆಸರುಗಳಿದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಹುಡುಕಿದ ಹೆಸರು ಸಿಗುವುದಿಲ್ಲ.

ಮೈಗ್ರೇಷನ್: ಕಾಯ್ದೆ ಬದಲಾದಾಗ ಕೈ ಹಿಡಿಯುವುದು

ಮಾಡೆಲ್ ಬರೆದ ಮೇಲೆ ‘ಮೇಕ್‌ಮೈಗ್ರೇಷನ್ಸ್’ ಆದೇಶ ಕೊಡಿ. ನೀವು ಏನು ಬದಲಿಸಿದಿರಿ ಅಂತ ಜ್ಯಾಂಗೊ ಒಂದು ಫೈಲ್‌ನಲ್ಲಿ ಬರೆದಿಡುತ್ತದೆ. ಆಮೇಲೆ ‘ಮೈಗ್ರೇಟ್’ ಕೊಟ್ಟರೆ ಡೇಟಾಬೇಸ್ ಹಾಗೆ ಬದಲಾಗುತ್ತದೆ. 2014ರಲ್ಲಿ ಬಂದ 1.7 ಆವೃತ್ತಿಯಿಂದ ಇದು ಜ್ಯಾಂಗೊದ ಒಳಗೇ ಇದೆ.

ಇದರ ಬೆಲೆ ಮಿಲ್‌ಗಳ ಕೆಲಸದಲ್ಲಿ ಗೊತ್ತಾಗುತ್ತದೆ. 2022ರ ಜುಲೈ 18ರಿಂದ ಜಿಎಸ್‌ಟಿ ನಿಯಮ ಬದಲಾಯಿತು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆ 25 ಕೆಜಿವರೆಗಿನ ಚೀಲವಾದರೆ 5 ಶೇಕಡಾ ತೆರಿಗೆ. ಅದಕ್ಕೂ ಮೊದಲು ಬ್ರ್ಯಾಂಡ್ ಇದೆಯೇ ಇಲ್ಲವೇ ಅನ್ನುವುದರ ಮೇಲೆ ತೆರಿಗೆ ನಿಂತಿತ್ತು. ಈಗ ಬಿಲ್ ಮಾಡಬೇಕಾದರೆ ಪ್ಯಾಕ್ ಆಗಿದೆಯೇ, ಒಂದು ಪ್ಯಾಕ್ ಎಷ್ಟು ಕೆಜಿ ಅಂತ ಸಾಫ್ಟ್‌ವೇರ್‌ಗೆ ಗೊತ್ತಿರಬೇಕು. ಅಂದರೆ ಮಾಲಿನ ಟೇಬಲ್‌ಗೆ ಎರಡು ಹೊಸ ಕಾಲಂ. ಮಾಡೆಲ್‌ನಲ್ಲಿ ಎರಡು ಸಾಲು ಸೇರಿಸಿ, ಎರಡು ಆದೇಶ ಕೊಟ್ಟರೆ ಕೆಲಸ ಆಯಿತು. ಹಳೆಯ ಮಾಲಿನ ದಾಖಲೆಗಳಲ್ಲಿ ಆ ಕಾಲಂಗಳಿಗೆ ಏನು ತುಂಬಲಿ ಅಂತಲೂ ಅದು ಕೇಳುತ್ತದೆ. ಅದೇ ಮೈಗ್ರೇಷನ್ ಫೈಲನ್ನು ಬೇರೆ ಮಿಲ್‌ಗೆ ಒಯ್ದರೆ ಅಲ್ಲಿಯೂ ಅದೇ ಬದಲಾವಣೆ, ಅದೇ ಕ್ರಮದಲ್ಲಿ. ಕೈಯಿಂದ ಒಂದೊಂದು ಕಂಪ್ಯೂಟರ್‌ನಲ್ಲಿ ಟೇಬಲ್ ತಿದ್ದುವವರ ಪಾಡು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಯಾವ ಚೀಲದ ಬೇಳೆ ಯಾವ ಊರಿನ ತೊಗರಿಯಿಂದ ಬಂತು ಅಂತ ದಾಖಲಿಸಲು ಬಯಸುವ ಮಿಲ್‌ಗೆ ಇದೂ ಒಂದು ಹೊಸ ಕಾಲಂ, ಒಂದು ಹೊಸ ಮೈಗ್ರೇಷನ್ ಅಷ್ಟೇ.

‘ಮೈಗ್ರೇಟ್’ ಕೊಡುವ ಮುಂಚೆ ಡೇಟಾಬೇಸ್ ಪ್ರತಿ ತೆಗೆದಿಡಿ. ಶುರುವಿನಲ್ಲಿ ಜ್ಯಾಂಗೊ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬಳಸುತ್ತದೆ. ಅದು ಒಂದೇ ಫೈಲ್, ಸಾಫ್ಟ್‌ವೇರ್ ನಿಲ್ಲಿಸಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಸಾಕು. ಒಂದೇ ಹೊತ್ತಿಗೆ ಬರೆಯುವ ಕಂಪ್ಯೂಟರ್‌ಗಳು ಜಾಸ್ತಿಯಾದರೆ ಪೋಸ್ಟ್‌ಗ್ರೆಸ್ ಎಂಬ ದೊಡ್ಡ ಡೇಟಾಬೇಸ್‌ಗೆ ಹೋಗಿ. ಎಸ್‌ಕ್ಯೂಎಲ್ ನೀವು ಕೈಯಿಂದ ಬರೆದಿಲ್ಲವಾದ್ದರಿಂದ ಹೆಚ್ಚಿನ ಬದಲಾವಣೆ ಸೆಟ್ಟಿಂಗ್ಸ್‌ನಲ್ಲೇ ಮುಗಿಯುತ್ತದೆ. ಡೇಟಾವನ್ನು ಒಂದು ಸಲ ಸಾಗಿಸಿದರಾಯಿತು.

ಅಡ್ಮಿನ್: ಮೊದಲ ದಿನವೇ ಗುಮಾಸ್ತರ ಕೈಗೆ ಕೊಡಿ

‘ಕ್ರಿಯೇಟ್‌ಸೂಪರ್‌ಯೂಸರ್’ ಕೊಟ್ಟು ಒಂದು ಲಾಗಿನ್ ಮಾಡಿಕೊಳ್ಳಿ. ಅಡ್ಮಿನ್ ಫೈಲ್‌ನಲ್ಲಿ ನಿಮ್ಮ ಮಾಡೆಲ್‌ಗಳನ್ನು ನೋಂದಾಯಿಸಿ. ‘ರನ್‌ಸರ್ವರ್’ ಕೊಟ್ಟು ಬ್ರೌಸರ್‌ನಲ್ಲಿ 8000 ಪೋರ್ಟ್‌ನ ಅಡ್ಮಿನ್ ಪುಟ ತೆರೆಯಿರಿ. ರೈತರನ್ನು ಸೇರಿಸುವ ಫಾರ್ಮ್, ಪಟ್ಟಿಗಳ ಯಾದಿ, ತಿದ್ದುವ ಪುಟ ಎಲ್ಲ ಸಿದ್ಧ ಇರುತ್ತವೆ. ಇನ್ನೆರಡು ಸಾಲು ಬರೆದರೆ ಹೆಸರು ಹಿಡಿದು ಹುಡುಕುವುದು, ತಾರೀಕು ಹಿಡಿದು ಸೋಸುವುದು ಕೂಡ. ನೀವು ಒಂದೂ ಎಚ್‌ಟಿಎಂಎಲ್ ಪುಟ ಬರೆದಿರುವುದಿಲ್ಲ.

ಕೆಲವರು ಇದನ್ನು ತಮ್ಮ ಪರೀಕ್ಷೆಗೆ ಮಾತ್ರ ಬಳಸುತ್ತಾರೆ. ನಾನು ಹಾಗಲ್ಲ. ಅದೇ ದಿನ ಗುಮಾಸ್ತರ ಮುಂದೆ ಇಡುತ್ತೇನೆ. ಹತ್ತು ಪಟ್ಟಿ ಅವರೇ ತುಂಬಲಿ. “ಮೇಡಂ, ಒಂದೇ ರೈತರದು ತೊಗರಿನೂ ಬಂದದ, ಕಡ್ಲಿನೂ ಬಂದದ. ಒಂದೇ ಪಟ್ಟಿ ಆಗಬೇಕ್ರಿ” ಅಂತ ಅವರು ಹೇಳುತ್ತಾರೆ. ಆಗ ನಿಮ್ಮ ಮಾಡೆಲ್ ಸರಿಯೇ ಅಂತ ತಿಳಿಯುತ್ತದೆ. ಚಂದದ ಪುಟ ಬರೆದು ಮುಗಿಸಿದ ಮೇಲೆ ಇದು ತಿಳಿದರೆ ಕಷ್ಟ.

ಯಾರು ಏನು ಮಾಡಬಹುದು ಅನ್ನುವುದೂ ಇಲ್ಲೇ. ನೋಡುವುದು, ಸೇರಿಸುವುದು, ಬದಲಿಸುವುದು, ಅಳಿಸುವುದು ಅಂತ ಪ್ರತಿ ಮಾಡೆಲ್‌ಗೆ ನಾಲ್ಕು ಅನುಮತಿ. ‘ಗುಮಾಸ್ತರು’ ಅಂತ ಒಂದು ಗುಂಪು ಮಾಡಿ, ಅದಕ್ಕೆ ನೋಡುವ, ಸೇರಿಸುವ ಅನುಮತಿ ಮಾತ್ರ ಕೊಡಿ. ಅಡ್ಮಿನ್ ಮೂಲಕ ಯಾರು, ಯಾವಾಗ, ಯಾವ ಕಾಲಂ ಬದಲಿಸಿದರು ಅಂತ ದಾಖಲೆ ತಾನಾಗಿ ಉಳಿಯುತ್ತದೆ. ಹಳೆಯ ಅಂಕಿ ಎಷ್ಟಿತ್ತು ಅಂತ ಅದರಲ್ಲಿ ಇರುವುದಿಲ್ಲ, ಅದು ಬೇಕಾದರೆ ನೀವೇ ಉಳಿಸಬೇಕು. ಸಾವ್ಕಾರ್ರಿಗೂ ಗುಮಾಸ್ತರಿಗೂ ನಡುವೆ ಅನುಮಾನ ಬರದಂತೆ ಈ ದಾಖಲೆ ಕಾಯುತ್ತದೆ.

ಕೈಯಿಂದ ಬರೆದರೆ ಸುಲಭವಾಗಿ ತಪ್ಪಿಹೋಗುವ ಸುರಕ್ಷತೆ

ಪಟ್ಟಿ ಸಾಫ್ಟ್‌ವೇರ್‌ನಲ್ಲಿ ರೈತರ ಫೋನ್ ನಂಬರ್ ಇರುತ್ತದೆ, ಬ್ಯಾಂಕ್ ಖಾತೆ ಇರುತ್ತದೆ. ಅವರು ನಿಮ್ಮನ್ನು ನೋಡಿಯೇ ಇಲ್ಲ, ಆದರೂ ಅವರ ವಿವರ ನಿಮ್ಮ ಕೈಯಲ್ಲಿದೆ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಹುಡುಕುವ ಪೆಟ್ಟಿಗೆಯಲ್ಲಿ ಯಾರೋ ಎಸ್‌ಕ್ಯೂಎಲ್ ತುಣುಕು ಟೈಪ್ ಮಾಡಿದರು ಅನ್ನಿ. ಕೈಯಿಂದ ಕೂಡಿಸಿ ಬರೆದ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಆದರೆ ಅದನ್ನು ಆದೇಶ ಅಂತಲೇ ತಿಳಿದು ನಡೆಸಿಬಿಡಬಹುದು. ಜ್ಯಾಂಗೊದ ಕ್ವೆರಿಗಳು ಟೈಪ್ ಮಾಡಿದ ಮಾಹಿತಿಯನ್ನೂ ಆದೇಶವನ್ನೂ ಬೇರೆ ಬೇರೆ ಕಳಿಸುತ್ತವೆ, ಹಾಗಾಗಿ ಅದು ಸುಮ್ನೆ ಒಂದು ಹೆಸರಾಗಿ ಉಳಿಯುತ್ತದೆ. ಟೆಂಪ್ಲೇಟ್‌ನಲ್ಲಿ (ಪುಟದ ಅಚ್ಚಿನಲ್ಲಿ) ಯಾರಾದರೂ ಸ್ಕ್ರಿಪ್ಟ್ ತುರುಕಿದರೆ ಅದನ್ನು ಬರೀ ಅಕ್ಷರವಾಗಿ ತೋರಿಸುತ್ತದೆ. ಫಾರ್ಮ್‌ಗಳಿಗೆ ಸಿಎಸ್‌ಆರ್‌ಎಫ್ ಟೋಕನ್ ಕೇಳುತ್ತದೆ. ಗುಮಾಸ್ತರು ಲಾಗಿನ್ ಆಗಿರುವಾಗ ಬೇರೆ ಯಾವುದೋ ಪುಟ ಅವರ ಹೆಸರಲ್ಲಿ ಫಾರ್ಮ್ ಕಳಿಸದಂತೆ ತಡೆಯುವುದು ಇದೇ. ಪಾಸ್‌ವರ್ಡ್‌ಗಳನ್ನು ಇದ್ದಂತೆ ಇಡುವುದಿಲ್ಲ, ಪಿಬಿಕೆಡಿಎಫ್2 ವಿಧಾನದಲ್ಲಿ ಹ್ಯಾಶ್ ಮಾಡಿ, ಅಂದರೆ ಮತ್ತೆ ಮೂಲಕ್ಕೆ ತಿರುಗಿಸಲಾಗದ ಹಾಗೆ ಬದಲಿಸಿ, ಇಡುತ್ತದೆ.

ಇವುಗಳನ್ನು ಆಫ್ ಮಾಡುವ ದಾರಿಗಳು ಇವೆ. ಫಾರ್ಮ್ ಕೆಲಸ ಮಾಡಲಿಲ್ಲ ಅಂತ ಸಿಟ್ಟಿನಲ್ಲಿ ಸಿಎಸ್‌ಆರ್‌ಎಫ್ ತೆಗೆದುಹಾಕುವವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ, ಟೆಂಪ್ಲೇಟ್‌ನ ಫಾರ್ಮ್ ಒಳಗೆ ಆ ಟೋಕನ್‌ನ ಒಂದು ಸಾಲು ಸೇರಿಸಿದರೆ ಸಮಸ್ಯೆ ಮುಗಿಯುತ್ತದೆ.

ಲೆಕ್ಕ ಸರಿ ಇದೆ ಅಂತ ಕಂಪ್ಯೂಟರ್ ಕೈಯಲ್ಲೇ ಹೇಳಿಸಿ

ಟೆಸ್ಟ್ಸ್ ಫೈಲನ್ನು ನಮ್ಮ ಮಕ್ಕಳು ಖಾಲಿ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಒಂದು ಪಟ್ಟಿಯ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿ. 12 ಚೀಲ ತೊಗರಿ, 6.15 ಕ್ವಿಂಟಲ್. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು, ಅದನ್ನೇ ದರ ಅಂತ ಇಟ್ಟುಕೊಳ್ಳೋಣ. ಮೊತ್ತ 46,432.50. ಚೀಲಕ್ಕೆ 10 ರೂಪಾಯಿ ಖರ್ಚು ಅಂತ ಹಿಡಿದರೆ 120 ಕಳೆಯಬೇಕು. ಉಳಿದದ್ದು 46,312.50. ಸಾಫ್ಟ್‌ವೇರ್ ಕೂಡ ಇಷ್ಟೇ ಹೇಳಬೇಕು ಅಂತ ಟೆಸ್ಟ್‌ನಲ್ಲಿ ಬರೆಯಿರಿ. ‘ಟೆಸ್ಟ್’ ಆದೇಶ ಕೊಟ್ಟಾಗ ಜ್ಯಾಂಗೊ ಬೇರೆಯೇ ಒಂದು ತಾತ್ಕಾಲಿಕ ಡೇಟಾಬೇಸ್ ಮಾಡಿ, ನೋಡಿ, ಅಳಿಸಿಬಿಡುತ್ತದೆ. ಅಂಗಡಿಯ ಡೇಟಾ ಮುಟ್ಟುವುದಿಲ್ಲ. ನೀವು ಹೋದ ಮೇಲೆ ಬರುವವರು ಏನಾದರೂ ಬದಲಿಸಿ ಈ ಆದೇಶ ಕೊಟ್ಟರೆ ಸಾಕು, ಲೆಕ್ಕ ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಪುಟಗಳು, ಪ್ರಿಂಟ್

ಪುಟಗಳಿಗೆಲ್ಲ ಒಂದು ಮೂಲ ಟೆಂಪ್ಲೇಟ್ ಮಾಡಿ, ಬೇರೆ ಪುಟಗಳು ಅದನ್ನು ಮುಂದುವರಿಸಲಿ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿ ಆಯಿತಲ್ಲ. ಬಿಲ್, ಪಟ್ಟಿ, ವರದಿ ಎಲ್ಲದರ ತಲೆಯಲ್ಲೂ ಊರ ಹೆಸರು ಬೇರೆ ಬೇರೆ ಬರೆದಿದ್ದರೆ ಎಲ್ಲ ಕಡೆ ಹುಡುಕಿ ತಿದ್ದಬೇಕು. ಮೂಲ ಟೆಂಪ್ಲೇಟ್‌ನಲ್ಲಿದ್ದರೆ ಒಂದೇ ಕಡೆ. ಪಟ್ಟಿಯನ್ನು ಬ್ರೌಸರ್‌ನಿಂದಲೇ ಪ್ರಿಂಟ್ ಕೊಡಿ, ಕನ್ನಡದ ಒತ್ತಕ್ಷರಗಳು ಸರಿಯಾಗಿ ಬರುತ್ತವೆ.

ಅಂಗಡಿಯಲ್ಲಿ ಕೂರಿಸುವುದು

‘ರನ್‌ಸರ್ವರ್’ ಕಲಿಯುವಾಗ ಮಾತ್ರ. ಅಂಗಡಿಯ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ವಿಂಡೋಸ್ ಇರುತ್ತದೆ. ಅಲ್ಲಿ ಗುನಿಕಾರ್ನ್ ಎಂಬ ಸರ್ವರ್ ನಡೆಯುವುದಿಲ್ಲ, ವೇಟ್ರೆಸ್ ಎಂಬ ಪ್ಯಾಕೇಜ್ ನಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡೀಬಗ್ (ತಪ್ಪಿನ ಒಳ ವಿವರ ತೋರಿಸುವ ವ್ಯವಸ್ಥೆ) ಆಫ್ ಮಾಡಿ. ಆಗ ಅಡ್ಮಿನ್ ಪುಟದ ಬಣ್ಣ, ಅಂದ ಮಾಯವಾದರೆ ಹೆದರಬೇಡಿ, ವೈಟ್‌ನಾಯ್ಸ್ ಪ್ಯಾಕೇಜ್ ಸೇರಿಸಿ ‘ಕಲೆಕ್ಟ್‌ಸ್ಟ್ಯಾಟಿಕ್’ ಆದೇಶ ಕೊಟ್ಟರೆ ಸರಿಹೋಗುತ್ತದೆ. ‘ಅಲೌಡ್ ಹೋಸ್ಟ್ಸ್’ನಲ್ಲಿ ಆ ಕಂಪ್ಯೂಟರ್‌ನ ವಿಳಾಸ ಹಾಕಿ. ‘ಚೆಕ್’ ಆದೇಶಕ್ಕೆ ‘ಡಿಪ್ಲಾಯ್’ ಸೇರಿಸಿ ಕೊಟ್ಟರೆ ಇನ್ನೇನು ಉಳಿದಿದೆ ಅಂತ ಅದೇ ಓದಿ ಹೇಳುತ್ತದೆ. ಅಂಗಡಿಯ ಒಳಗಿನ ವೈಫೈನಲ್ಲೇ ಎಲ್ಲ ನಡೆಯುವುದರಿಂದ ಇಂಟರ್‌ನೆಟ್ ಹೋದರೂ ಪಟ್ಟಿ ನಿಲ್ಲುವುದಿಲ್ಲ.

ಕರೆಂಟ್ ಮಾತ್ರ ಯಾವಾಗ ಬೇಕಾದರೂ ಹೋಗಬಹುದು. 40 ಡಿಗ್ರಿ ದಾಟಿದ ಏಪ್ರಿಲ್ ಮಧ್ಯಾಹ್ನ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಪಟ್ಟಿ ಉಳಿಸುವಾಗ ಪಟ್ಟಿಯ ದಾಖಲೆ, ಅದರ ಸಾಲುಗಳು, ರೈತರ ಬಾಕಿ ಮೂರೂ ಒಟ್ಟಿಗೆ ಬದಲಾಗಬೇಕು. ನಡುವೆ ಕಂಪ್ಯೂಟರ್ ಆಫ್ ಆದರೆ ಅರ್ಧ ಬರೆದ ಪಟ್ಟಿ ಉಳಿಯಬಾರದು. ಆ ಕೋಡನ್ನು ‘ಟ್ರಾನ್ಸಾಕ್ಷನ್ ಅಟಾಮಿಕ್’ ಒಳಗೆ ಹಾಕಿ. ಆಗುವುದಾದರೆ ಪೂರ್ತಿ ಆಗುತ್ತದೆ, ಇಲ್ಲವಾದರೆ ಏನೂ ಆಗುವುದಿಲ್ಲ. ಒಂದೇ ಸಾಲು, ಆದರೆ ರೈತರೊಬ್ಬರ ಹಣ ಅದರ ಮೇಲೆ ನಿಂತಿರುತ್ತದೆ.

ಯಾವುದನ್ನು ಆರಿಸಬೇಕು, ಯಾವಾಗ ಬೇಡ

ಜ್ಯಾಂಗೊ ನನ್ನ ಆಯ್ಕೆ. ನಿಮ್ಮ ಸುತ್ತ ಪಿಎಚ್‌ಪಿ ಬಲ್ಲವರು ಜಾಸ್ತಿ ಇದ್ದರೆ 2011ರಲ್ಲಿ ಬಂದ ಲಾರಾವೆಲ್ ಹಿಡಿಯಿರಿ. ಕಾಲೇಜಿನಲ್ಲಿ ಜಾವಾ ಗಟ್ಟಿಯಾಗಿ ಕಲಿತಿದ್ದರೆ ಸ್ಪ್ರಿಂಗ್ ಬೂಟ್. ನಿಮ್ಮ ನಂತರ ನೋಡಿಕೊಳ್ಳುವವರು ನಿಮ್ಮ ಊರಲ್ಲಿ ಯಾವ ಭಾಷೆಯಲ್ಲಿ ಸಿಗುತ್ತಾರೋ ಆ ಭಾಷೆಯ ಫ್ರೇಮ್‌ವರ್ಕ್ ಸರಿ. ಅಂಗಡಿಯ ಒಂದು ಪುಟದ ವೆಬ್‌ಸೈಟ್‌ಗೆ, ಎಕ್ಸೆಲ್ ಫೈಲ್ ಒಮ್ಮೆ ಕೂಡಿಸುವ ಕೆಲಸಕ್ಕೆ ಯಾವ ಫ್ರೇಮ್‌ವರ್ಕೂ ಬೇಡ.

ಕೈಬದಲು ಮಾಡುವುದು

ನನ್ನ ಹತ್ತಿರ ಕಲಿತ ಹುಡುಗನೊಬ್ಬ ಒಂದು ಅಂಗಡಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ. ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಆಳಂದ ಕಡೆಯ ಹುಡುಗಿಯೊಬ್ಬಳು ಅವನ ಜಾಗಕ್ಕೆ ಬಂದಳು. ಅವಳಿಗೆ ಜ್ಯಾಂಗೊ ಬರುತ್ತಿತ್ತು, ಗಂಜ್ ಗೊತ್ತಿರಲಿಲ್ಲ. ಮಾಡೆಲ್ಸ್ ಫೈಲ್ ಓದಿ ಪಟ್ಟಿ ಹೇಗೆ ಆಗುತ್ತದೆ ಅಂತ ತಿಳಿದುಕೊಂಡಳು. ಯುಆರ್‌ಎಲ್ಸ್ ನೋಡಿ ಯಾವ ಪುಟ ಎಲ್ಲಿಂದ ಬರುತ್ತದೆ ಅಂತ ಹಿಡಿದಳು. ಟೆಸ್ಟ್ ನಡೆಸಿ ನೋಡಿದಳು. ಆಮೇಲೆ ಅವನಿಗೆ ಫೋನ್ ಮಾಡಿದಾಗ ಅವಳು ಕೇಳಿದ್ದು ಕೋಡಿನ ಪ್ರಶ್ನೆಯಲ್ಲ. “ಅಣ್ಣಾ, ಕಡ್ಲಿ ಚೀಲಕ್ಕ ಹಮಾಲಿ ಬ್ಯಾರೆ ಯಾಕದ?” ಅಂತ ಕೇಳಿದಳು. ನನಗೆ ಬಹಳ ಖುಷಿಯಾಯಿತು. ಹೊಸಬರು ಅಂಗಡಿಯ ಬಗ್ಗೆ ಕೇಳಬೇಕು. ಫೈಲ್ ಎಲ್ಲಿದೆ ಅಂತ ಕೇಳುವ ಹಾಗೆ ಆಗಬಾರದು.

ಇದು ತಾನಾಗಿ ಆಗುವುದಿಲ್ಲ. ಬಳಸಿದ ಪ್ಯಾಕೇಜ್‌ಗಳನ್ನು ಆವೃತ್ತಿ ಸಮೇತ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಬರೆದಿಡಿ. ಕೋಡ್ ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಾಡುವ ಸಾಧನ) ಇರಲಿ, ಆದರೆ ಸೀಕ್ರೆಟ್ ಕೀ ಮತ್ತು ಡೇಟಾಬೇಸ್ ಫೈಲ್ ಅದರಲ್ಲಿ ಇರಬಾರದು. ಸೂಪರ್‌ಯೂಸರ್ ಪಾಸ್‌ವರ್ಡ್ ಸಾವ್ಕಾರ್ರ ಕೈಯಲ್ಲೂ ಇರಲಿ. ಬ್ಯಾಕಪ್ ಎಲ್ಲಿ, ಸರ್ವರ್ ಶುರು ಮಾಡುವುದು ಹೇಗೆ, ದರ ಬದಲಿಸುವ ಪುಟ ಯಾವುದು ಅಂತ ಒಂದು ಪುಟ ಕನ್ನಡದಲ್ಲಿ ಬರೆದು, ಪ್ರಿಂಟ್ ತೆಗೆದು, ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಿ.

ಆವೃತ್ತಿ ಬದಲಿಸುವುದು, ದೊಡ್ಡ ಮೈಗ್ರೇಷನ್ ಮಾಡುವುದು ಇದ್ದರೆ ತೊಗರಿ ಆವಕ ತಗ್ಗಿದ ಮೇಲೆ ಇಟ್ಟುಕೊಳ್ಳಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಂಜ್ ತುಂಬಿರುತ್ತದೆ. ಆಗ ಸುರಕ್ಷತೆಯ ಸಣ್ಣ ತಿದ್ದುಪಡಿ ಬಿಟ್ಟು ಬೇರೆ ಏನನ್ನೂ ಮುಟ್ಟಬೇಡಿ. ಅದನ್ನೂ ಸಂಜೆ ಅಂಗಡಿ ಮುಚ್ಚಿದ ಮೇಲೆ, ಬ್ಯಾಕಪ್ ತೆಗೆದು, ಟೆಸ್ಟ್ ನಡೆಸಿ ಆಮೇಲೆ ಹಾಕಿ.